ಕಾಲಿಗೆ ರಜೆ ಕೊಟ್ಟ ಡ್ರೈವರಣ್ಣ

ಮೂವತ್ತು ವರ್ಷ ಎಕ್ಸ್‌ಕವೇಟರ್ ಓಡಿಸಿದವನಿಗೆ ಐವತ್ತೈದನೆಯ ವಯಸ್ಸಿನಲ್ಲಿ ಮತ್ತೆ ಅ ಆ ಇ ಈ ತಿದ್ದುವ ಗತಿ ಬಂತು. ಎಲ್ಲರೂ ಡ್ರೈವರಣ್ಣ ಎಂದು ಕರೆಯುವ ಇವನ ಯಂತ್ರದ ತೋಳಿಗೆ ಕಂಪನಿಯವರು ಹೊಸದೊಂದು ಮಣಿಕಟ್ಟು ಜೋಡಿಸಿದ್ದರು. ಈಗ ತೋಳಿನ ತುದಿಯ, ಮಣ್ಣು ಅಗೆಯುವ ಬಕೆಟ್ಟು ಎಡಕ್ಕೂ ಬಲಕ್ಕೂ ವಾಲುತ್ತಿತ್ತು, ಬುಗುರಿಯ ಹಾಗೆ ಸುತ್ತಲೂ ತಿರುಗುತ್ತಿತ್ತು. ಎರಡು ಲಿವರುಗಳ ತಲೆಯ ಮೇಲೆ ಹೆಬ್ಬೆರಳಿನಿಂದ ಉರುಳಿಸುವ ಪುಟ್ಟ ಚಕ್ರ ಒಂದೊಂದು. ಒಂದು ವಾಲಿಸಲು, ಇನ್ನೊಂದು ತಿರುಗಿಸಲು. ಹದಿನೈದು ದಿನದಲ್ಲಿ ಕಲಿಯದಿದ್ದರೆ ಸೀಟು ಬೇರೆಯವರಿಗೆ, ಇವನು ಗೋದಾಮಿನ ಬಾಗಿಲು ಕಾಯಲು. ಸಾಹೇಬರು ಸುತ್ತಿಬಳಸದೆ ಹೇಳಿಬಿಟ್ಟಿದ್ದರು.

ಹೆಬ್ಬೆರಳುಗಳೇನೋ ಮಾತು ಕೇಳಿದವು. ಮನೆಯ ಮೇಜಿನ ಮೇಲೆ ಎರಡು ಸ್ಟೀಲ್ ಲೋಟ ಬೋರಲು ಹಾಕಿ, ಲಿವರಿನಂತೆ ಹಿಡಿದು ದಿನವೂ ಅಭ್ಯಾಸ ಮಾಡಿದ. ಹೆಂಡತಿ ಮೂರು ದಿನ ನೋಡಿ ನಾಲ್ಕನೆಯ ದಿನ ಬಾಯಿಬಿಟ್ಟಳು.

"ರೀ, ಆ ಲೋಟಗಳಿಗೆ ತಲೆಸುತ್ತು ಬಂದಿರತ್ತೆ. ಕಾಫಿ ಯಾವುದ್ರಲ್ಲಿ ಕೊಡ್ಲಿ?"

"ಬಟ್ಟಲಲ್ಲಿ ಕೊಡು ಮಾರಾಯ್ತಿ."

ಮಾತು ಕೇಳದ್ದು ಕಾಲು. ಹಳೆಯ ಬಕೆಟ್ಟಿನಲ್ಲಿ ಓರೆಯಾಗಿ ಅಗೆಯಬೇಕೆಂದರೆ ಇಡೀ ಯಂತ್ರವನ್ನೇ ಹಿಂದೆ ಮುಂದೆ ಸರಿಸಿ ಓರೆಗೆ ನಿಲ್ಲಿಸಬೇಕಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ರೂಢಿಸಿಕೊಂಡ ಗುಣವೂ ಅಷ್ಟೇ. ಬೆರಳು ಆಡುವ ಮೊದಲೇ ಕಾಲು ಪೆಡಲ್ ಒತ್ತಿ ಯಂತ್ರ ಹೊರಟೇಬಿಡುತ್ತಿತ್ತು. ಹದಿನಾಲ್ಕನೆಯ ದಿನ, ಅಭ್ಯಾಸಕ್ಕೆಂದು ಹೂತಿಟ್ಟಿದ್ದ ಖಾಲಿ ಪೈಪು ಹೀಗೆಯೇ ಅಪ್ಪಚ್ಚಿಯಾಯಿತು. ಅಂದು ಅವನಿಗೆ ಊಟ ಸೇರಲಿಲ್ಲ.

ಮರುದಿನ ಒಂದು ಇಕ್ಕಟ್ಟಾದ ಓಣಿಯಲ್ಲಿ ಪರೀಕ್ಷೆ. ಈ ಪಕ್ಕ ಮನೆಯ ಗೋಡೆ, ಆ ಪಕ್ಕ ಲೈಟ್ ಕಂಬ, ನಡುವೆ ನೆಲದಡಿ ಓರೆಯಾಗಿ ಹಾದುಹೋದ, ಇನ್ನೂ ನೀರು ಹರಿಯುತ್ತಿದ್ದ ಪೈಪು. ಅದಕ್ಕೆ ಪೆಟ್ಟಾಗದಂತೆ ಎರಡೂ ಪಕ್ಕದ ಮಣ್ಣು ತೆಗೆಯಬೇಕಿತ್ತು. ಯಂತ್ರ ಒಂದು ಗೇಣು ಸರಿದರೆ ಗೋಡೆಗೆ ತಗಲುತ್ತಿತ್ತು. ಅವನು ಅಳೆದು ನೋಡಿದ. ಬೂಟು ಬಿಚ್ಚಿದ. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ಇದೇನು ಡ್ರೈವರಣ್ಣಾ, ಊಟಕ್ಕೆ ಕೂತ ಹಾಗೆ?" ಪರೀಕ್ಷೆಗೆ ಬಂದಿದ್ದ ಇಂಜಿನಿಯರ್ ಮೇಡಂ ಕೇಳಿದರು.

"ಕಾಲಿಗೆ ರಜಾ ಕೊಟ್ಟಿದೀನಿ ಮೇಡಂ. ಎಷ್ಟು ಹೇಳಿದ್ರೂ ಅವಕ್ಕೆ ತಲೆಗೆ ಹೋಗ್ತಿಲ್ಲ."

ಮೇಡಂ ನಗು ತಡೆದುಕೊಂಡು ಹಿಂದೆ ಸರಿದರು.

ಬಕೆಟ್ಟು ವಾಲಿತು, ತಿರುಗಿತು, ಪೈಪಿನ ಓರೆಗೆ ಸರಿಯಾಗಿ ನಿಂತಿತು. ಒಂದು ಪಕ್ಕದ ಮಣ್ಣು ಪದರ ಪದರವಾಗಿ ಬಂತು. ಬಕೆಟ್ಟು ಅಲ್ಲೇ ಹೊರಳಿ ಇನ್ನೊಂದು ಪಕ್ಕದ್ದನ್ನೂ ಎಳೆಯಿತು. ನಡುವೆ ಒಮ್ಮೆ ಬಲಗಾಲು ಚಡಪಡಿಸಿತು. ಎಡತೊಡೆಯಿಂದ ಅದನ್ನು ಅದುಮಿ ಹಿಡಿದ. ಯಂತ್ರ ಕದಲಲಿಲ್ಲ.

ಮೇಡಂ ಜೊತೆಗೆ ಬಂದಿದ್ದ ಪ್ಲಂಬರ್ ಗುಂಡಿಗಿಳಿದು ಪೈಪನ್ನು ಅಂಗೈಯಲ್ಲಿ ಒರೆಸಿ ನೋಡಿದ. "ಒಂದು ಗೀರೂ ಬಿದ್ದಿಲ್ಲ!"

"ಸೀಟು ನಿಮ್ಮದೇ," ಎಂದರು ಮೇಡಂ. "ಆದ್ರೆ ಬೂಟು ಹಾಕ್ಕೊಂಡು, ಕಾಲು ಇಳಿಬಿಟ್ಟು ಕೂರೋದನ್ನೂ ಕಲೀಬೇಕು."

ಡ್ರೈವರಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಇಳಿಯಹೋದರೆ ಎರಡೂ ಕಾಲಿಗೆ ಜೋಮು; ಪ್ಲಂಬರನೇ ಹೆಗಲು ಕೊಟ್ಟು ಇಳಿಸಬೇಕಾಯಿತು.

ಸಂಜೆ ಮನೆಗೆ ಬಂದಾಗ ಹೆಂಡತಿ ಬಟ್ಟಲು ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಅವನು ಮೇಜಿನ ಮೇಲಿನ ಲೋಟಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿದ.

"ಕಾಫಿ ಇದ್ರಲ್ಲೇ ಹಾಕು. ನಿಂಗೊಂದು, ನಂಗೊಂದು."