ಬಿಂದಪ್ಪ ಕಾಕಾನ ನಕಾಶೆ ತೊಳೆದದ್ದು

ಬಿಂದಪ್ಪ ಕಾಕಾ ಮಂಡಿಗೆ ಹೋದರೆ ದಾರಿ ತಪ್ಪುತ್ತಿದ್ದರು. ಪುಣೆಯ ಶನಿವಾರ ಪೇಟೆಯ ನಮ್ಮ ವಾಡೆಯಿಂದ ಕಾಯಿಪಲ್ಯೆಯ ಮಂಡಿ ಬಹಳ ದೂರವೇನೂ ಇರಲಿಲ್ಲ. ಆದರೂ ಬದನೆಕಾಯಿಯ ಚೀಲ ಹಿಡಿದು ಯಾವುದೋ ಸಂದಿಯಲ್ಲಿ ನಿಂತಿರುತ್ತಿದ್ದ ಅವರನ್ನು ಹಾಲಿನವನೋ ಅಂಚೆಯವನೋ ಕರೆತಂದು ಬಿಡುತ್ತಿದ್ದ. ಅದೇ ಮನುಷ್ಯ ಶಿರೂರು ತಾಲೂಕಿನ ಯಾವ ಹಳ್ಳ ಯಾವ ಗುಡ್ಡದ ಬುಡದಲ್ಲಿ ಹುಟ್ಟಿ, ಎಲ್ಲೆಲ್ಲಿ ಹೊರಳಿ ಘೋಡ್ ನದಿಯನ್ನು ಸೇರುತ್ತದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು.

"ಕಾಕಾ, ಆ ಗುಡ್ಡಾ ನೀವು ನೋಡೀರೇನ್ರಿ?" ಎಂದು, ಮಕ್ಕಳೇ, ನಿಮ್ಮ ಅಜ್ಜ ಒಮ್ಮೆ ಕೇಳಿದರು.

"ನೋಡೋದ್ಯಾಕೋ? ಬರದೀನಲ್ಲ!"

ಅವರದು ಮೋಜಣಿ ಕಚೇರಿಯಲ್ಲಿ ಮೂವತ್ತು ವರ್ಷ ನಕಾಶೆ ಬರೆಯುವ ಕೆಲಸ. ಸರಪಳಿ, ನಿಶಾನೆ ಹಿಡಿದು ಬಿಸಿಲಲ್ಲಿ ಅಳೆದು ಬರುವವರು ಬೇರೆ. ಅವರು ತಂದದ್ದನ್ನು ನೆರಳಲ್ಲಿ ಕುಳಿತು ಕೂದಲೆಳೆಯಂಥ ಗೆರೆಗಳಲ್ಲಿ ಇಳಿಸುವವರು ಕಾಕಾ. ಧಾರವಾಡದ ಕಡೆಯವರು, ಹೆಂಡತಿ ತೀರಿಕೊಂಡಿದ್ದರು, ನಮ್ಮ ಪಕ್ಕದ ಕೋಣೆಯಲ್ಲಿ ಒಬ್ಬರೇ ಇದ್ದರು. ಜನ್ಮದಲ್ಲಿ ಅವರು ಹತ್ತಿದ ಬೆಟ್ಟವೆಂದರೆ ಪರ್ವತಿ ಒಂದೇ. "ಅದಕ್ಕೂ ಪಾವಟಿಗಿ ಇದ್ದುವು, ಅದಕ್ಕ ಹತ್ತಿದೆ" ಎನ್ನುತ್ತಿದ್ದರು.

ಆಗ ನಾನು ಹೊಸ ಸೊಸೆ. ಯಾರಾದರೂ ಮಾತಾಡಿಸಿದರೆ ಬಾಗಿಲ ಹಿಂದೆ ಸರಿಯುತ್ತಿದ್ದೆ. ಕಾಕಾ ಮಾತ್ರ ನಾನು ಚಹಾ ಕೊಡಲು ಹೋದಾಗಲೆಲ್ಲ ನಕಾಶೆಯ ಪಾಠ ಹೇಳುತ್ತಿದ್ದರು. "ಇಲ್ನೋಡು ತಂಗಿ, ಗೆರಿಗೆ ಗೆರಿ ಹತ್ತಿದ್ದಂಗ ಇದ್ದರ ಭಾಳ ಏರು ಅಂತ ತಿಳಿ. ದೂರ ದೂರ ಇದ್ದರ ಎತ್ತು ನಿದ್ದಿ ಮಾಡಕೋತ ಹೋಗ್ತಾವ."

ಪೆನ್ಶನ್ ಬಂದ ಮೇಲೆ ಅವರಿಗೆ ಒಂದೇ ಧ್ಯಾನ. ಘೋಡ್ ನದಿಯ ದಂಡೆಯ ಬಾಭುಳವಾಡಿ ಎಂಬ ಸಣ್ಣ ಹಳ್ಳಿಯ ಚರಿತ್ರೆ ಬರೆಯಬೇಕು. ಆ ಊರು ಮೊದಲು ನದಿಯ ಆಚೆ ದಂಡೆಯಲ್ಲಿತ್ತು ಎಂಬುದು ಅವರ ವಾದ. ಅದಕ್ಕೆ ಆಧಾರ, ಬಹಳ ಹಳೆಯ ನಕಾಶೆಯ ಹಾಳೆಯೊಂದರಲ್ಲಿ ಆಚೆ ದಂಡೆಗೆ ಇದ್ದ ಹಾಳೂರಿನ ಪುಟ್ಟ ಗುರುತು. ಕಚೇರಿಯ ಗೆಳೆಯನೊಬ್ಬ ಆ ಹಾಳೆಯನ್ನು ಎಂಟು ದಿನದ ಮಟ್ಟಿಗೆ ಕೊಟ್ಟಿದ್ದ. ಕಾಕಾ ಅದರ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ ಪೂರ್ತಿ ಇಳಿಸಿಕೊಂಡರು. ಆಮೇಲೆ ಕಚೇರಿಯವರು ಹಳೆಯ ಹಾಳೆಗಳನ್ನೆಲ್ಲ ಪೆಟ್ಟಿಗೆ ತುಂಬಿ ಕಲ್ಕತ್ತೆಗೆ ಕಳಿಸಿಬಿಟ್ಟರಂತೆ. ಇನ್ನು ಹದಿನೈದು ದಿನಕ್ಕೆ ಪುಣೆಯ ಇತಿಹಾಸ ಪಂಡಿತರ ಸಭೆಯಲ್ಲಿ ಕಾಕಾ ತಮ್ಮ ಲೇಖನ ಓದಿ, ಆ ನಕಾಶೆ ತೋರಿಸುವುದೆಂದು ಗೊತ್ತಾಗಿತ್ತು.

ಈಗ ಟ್ರೇಸಿಂಗ್ ಬಟ್ಟೆಯ ವಿಷಯ ಹೇಳಬೇಕು. ಅದು ಬಲು ತೆಳುವಾದ ನೂಲಿನ ಬಟ್ಟೆ. ಗಂಜಿ ಹಾಕಿ ಕಾಗದದಂತೆ ಗರಿಗರಿ ಮಾಡಿರುತ್ತಾರೆ, ಕೆಳಗಿನ ಗೆರೆ ಕಾಣುತ್ತದೆ. ಬಿಸಿನೀರಲ್ಲಿ ನೆನೆಸಿ ತೊಳೆದರೆ ಗಂಜಿಯೂ ಬಹುಪಾಲು ಮಸಿಯೂ ಹೋಗಿ ಬೆಣ್ಣೆಯಂಥ ಬಟ್ಟೆ ಉಳಿಯುತ್ತದೆ. ಕೆಟ್ಟುಹೋದ ತುಂಡುಗಳನ್ನು ಕಾಕಾ ನಮಗೆ ಕೊಡುತ್ತಿದ್ದರು. ವಾಡೆಯ ಕೂಸುಗಳೆಲ್ಲ ಅದರದೇ ಅಂಗಿ ಹಾಕಿಕೊಂಡು ಬೆಳೆದವು. "ನಮ್ಮ ವಾಡೇದಾಗ ಹುಟ್ಟಿದ ಕೂಸಿನ ಎದಿ ಮ್ಯಾಲೆ ಸರಕಾರಿ ಗುಡ್ಡ ಇರ್ತಾವ" ಎಂದು ನಮ್ಮ ಅತ್ತೆ ನಗುತ್ತಿದ್ದರು.

ನನ್ನ ನಾದಿನಿ ಬಾಣಂತನಕ್ಕೆ ಬಂದಿದ್ದಳು. "ಬಾಗಲಾ ಹಿಂದಿನ ಸುರುಳಿ ತಗೊಂಡು ತೊಳಿ" ಎಂದು ಕಾಕಾ ನನಗೆ ಹೇಳಿ ಮಂಡಿಗೆ ಹೋದರು. ಅವರ ಕೋಣೆಯ ಬಾಗಿಲ ಹಿಂದೆ ಎರಡು ಸುರುಳಿಗಳಿದ್ದವು. ಕೇಳೋಣವೆಂದರೆ ಅವರು ಮನೆಯಲ್ಲಿಲ್ಲ. ದೊಡ್ಡದನ್ನು ಎತ್ತಿಕೊಂಡೆ. ಕುದಿನೀರು, ಸೀಗೆಕಾಯಿ ಹಾಕಿ ಚೆನ್ನಾಗಿ ಕುಕ್ಕಿ ಕುಕ್ಕಿ ತೊಳೆದೆ. ಹಗ್ಗದ ಮೇಲೆ ಹರವಿದಾಗ ಮೂಲೆಯಲ್ಲಿ ನದಿಯ ಒಂದು ಬಾಗು ನೀಲಿಯಾಗಿ, ಮಸುಕಾಗಿ ಉಳಿದಿತ್ತು. ಅದು ಕಾಕಾ ನನಗೆ ದಿನವೂ ತೋರಿಸುತ್ತಿದ್ದ ಬಾಗು. ಬಾಭುಳವಾಡಿಯ ನಕಾಶೆಯನ್ನೇ ತೊಳೆದುಬಿಟ್ಟಿದ್ದೆ.

ಅಷ್ಟರಲ್ಲಿ ಅಂಚೆಯವನ ಜೊತೆ ಕಾಕಾ ಬಂದರು. ಬಟ್ಟೆಯ ಮುಂದೆ ನಿಂತರು. ಅದನ್ನು ಎತ್ತಿ ಬಿಸಿಲಿಗೆ ಹಿಡಿದು ಆ ಕಡೆ, ಈ ಕಡೆ ನೋಡಿದರು.

"ಭಾಳ ಸ್ವಚ್ಛ ತೊಳದೀಯವಾ, ತಂಗಿ" ಎಂದರು. ಒಳಗೆ ಹೋಗಿ ಕದ ಮುಂದೆ ಮಾಡಿಕೊಂಡರು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ.

ಸಂಜೆ ಅತ್ತೆ ನನ್ನನ್ನು ಎಳೆದುಕೊಂಡೇ ಅವರ ಕೋಣೆಗೆ ಹೋದರು. "ಬಿಂದಪ್ಪನವರ, ಈಕಿ ಮುಂಜಾನಿಂದ ಅಳಾಕತ್ತಾಳ. ಒಂದು ನಾಕು ಬೈದುಬಿಡ್ರಿ, ಇಬ್ಬರಿಗೂ ಸಮಾಧಾನ ಆಗ್ತದ."

"ಏನಂತ ಬೈಲಿ ಅಕ್ಕಾ? ಆ ಊರು ಮೊದಲ ಅಳಿಸಿದವ ನಾನ. ಈಕಿ ಎರಡನೇದಾಕಿ."

ಆಗ ಗೊತ್ತಾಯಿತು. ಹುಡುಗನಾಗಿ ಕೆಲಸಕ್ಕೆ ಸೇರಿದ ವರ್ಷ ಆ ಹಳೆಯ ಹಾಳೆ ನೋಡಿ ಹೊಸ ಹಾಳೆ ಬರೆದವರು ಅವರೇ. ಮೂಲೆಯ ಆ ಚಿಕ್ಕ ಗುರುತು ಯಾರಿಗೆ ಬೇಕು ಎಂದು ಅವಸರದಲ್ಲಿ ಬಿಟ್ಟಿದ್ದರು. ಯಾರೂ ಕೇಳಲಿಲ್ಲ. ಅಂದಿನಿಂದ ಆ ಊರು ಯಾವ ನಕಾಶೆಯಲ್ಲೂ ಇಲ್ಲ. "ಸಾಯೋದ್ರಾಗ ತಿರುಗಿ ಕೂಡಸಬೇಕು ಅಂದಿದ್ದೆ. ಎಲ್ಲಿ ಅಂತ ಹೇಳಲಿ ಈಗ?"

"ನಕಾಶಿ ಹೋದರ ಏನಾತು? ಊರು ಓಡಿ ಹೋಗೇತೇನು? ಹೋಗಿ ನೋಡಿ ಬರ್ರಿ" ಎಂದರು ಅತ್ತೆ.

"ಊರಿಗೆ? ನಾನು?" ಕಾಕಾನ ಮುಖ ನೋಡುವ ಹಾಗಿತ್ತು.

"ನೀವ. ತೊಳದಾಕೀನೂ ಬರ್ತಾಳ. ದಾರಿ ತಪ್ಪದಂಗ ನನ್ನ ಮಗನ್ನ ಕರಕೊಂಡು ಹೋಗ್ರಿ."

ಹೀಗೆ ಕಾಕಾ, ನಿಮ್ಮ ಅಜ್ಜ, ನಾನು ಶಿರೂರಿಗೆ ಮೋಟಾರಿನಲ್ಲಿ ಹೋಗಿ, ಅಲ್ಲಿಂದ ಎತ್ತಿನ ಗಾಡಿ ಹಿಡಿದೆವು. ಕಾಕಾ ಗಾಡಿಯವನಿಗಿಂತ ಮೊದಲೇ ಹೇಳುತ್ತಿದ್ದರು: "ಈಗ ಎಡಕ್ಕ ಒಂದು ಹಳ್ಳ ಬರಬೇಕು." ಹಳ್ಳ ಬರುತ್ತಿತ್ತು. "ಬಂತು ನೋಡ್ರಿ! ನಾ ಬರದಲ್ಲೇ ಅದ!" ಎಂದು ತೊಡೆ ತಟ್ಟಿಕೊಳ್ಳುತ್ತಿದ್ದರು. ಈ ಮುದುಕರು ಇದೇ ಊರಿನವರೇ ಎಂದು ಗಾಡಿಯವನು ನಿಮ್ಮ ಅಜ್ಜನನ್ನು ಗುಟ್ಟಾಗಿ ಕೇಳಿದ.

ಬಾಭುಳವಾಡಿಯಲ್ಲಿ ಮಾತ್ರ ಕೆಲಸ ಕೆಟ್ಟಿತು. ಕಾಕಾನ ಕಪ್ಪು ಟೊಪ್ಪಿಗೆ, ಕಂಕುಳಲ್ಲಿ ಕಾಗದ ನೋಡಿ ಚಾವಡಿಯ ಗಂಡಸರು ಇವರು ಕಂದಾಯ ಏರಿಸಲು ಬಂದವರೆಂದೇ ತಿಳಿದರು. ಹಳೆಯ ಊರೇ? ಗೊತ್ತಿಲ್ಲ. ನದಿಯ ಆಚೆಯೇ? ಬರೀ ಜಾಲಿಗಿಡ. ಒಬ್ಬನಾದ ಮೇಲೆ ಒಬ್ಬ ತಲೆಯಾಡಿಸಿದ. ಕಾಕಾ ಬೇವಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಆಚೆ ದಂಡೆ ಎಂದರೆ ಎರಡು ಹರದಾರಿ ಜಾಲಿಯ ಕಾಡು. ಎಲ್ಲಿ ಹುಡುಕುವುದು?

ನಾನು ನೀರು ಕೇಳಲು ಒಂದು ಮನೆಯೊಳಗೆ ಹೋದೆ. ಗಂಗೂಬಾಯಿ ಎಂಬಾಕೆ ಗೋಡೆಗೆ ಬಿಳಿ ಮಣ್ಣು ಸಾರಿಸುತ್ತಿದ್ದಳು. ನೋಡುತ್ತಿದ್ದಂತೆ ನನಗೆ ತವರು ನೆನಪಾಯಿತು. ನಮ್ಮೂರಲ್ಲೂ ಮಾಳಿಗೆಗೆ, ಗೋಡೆಗೆ ಬಿಳಿ ಮಣ್ಣು ಬೇಕೆಂದರೆ ಹೆಂಗಸರು ಬುಟ್ಟಿ ಹಿಡಿದು ಹಾಳೂರಿನ ದಿಬ್ಬಕ್ಕೇ ಹೋಗುತ್ತಿದ್ದರು. ಜನ ನೂರಾರು ವರ್ಷ ಬಾಳಿ ಬಿಟ್ಟ ನೆಲದಲ್ಲಿ ಮಾತ್ರ ಅಂಥ ಬೂದಿಯಂತೆ ನುಣುಪಾದ ಮಣ್ಣು ಸಿಗುತ್ತದೆ. ನನ್ನ ಹರಕು ಮರಾಠಿಯಲ್ಲೇ ಕೇಳಿದೆ: ಈ ಮಣ್ಣು ಎಲ್ಲಿಂದ ತರುತ್ತೀ, ಬಾಯಿ?

"ನದೀಪಲೀಕಡೂನ್!" ಎಂದಳು ಆಕೆ, ಕೈಯಿಂದ ಹೊಳೆಯ ಆಚೆ ತೋರಿಸಿ. ಅತ್ತೆಯ ಅತ್ತೆಯೂ ಅಲ್ಲಿಂದಲೇ ತರುತ್ತಿದ್ದಳಂತೆ. ಅಗೆದಾಗ ಬಳೆಚೂರು ಬರುತ್ತವಂತೆ. ಗಂಡಸರಿಗೆ ಏನು ಗೊತ್ತು, ಅವರೇನು ಗೋಡೆ ಸಾರಿಸುತ್ತಾರೆಯೇ ಎಂದು ನಕ್ಕು, ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಳು.

ಕಾಕಾ ಧೋತರ ಮೇಲೆ ಕಟ್ಟಿ, ನಿಮ್ಮ ಅಜ್ಜನ ಭುಜ ಹಿಡಿದು ಮೊಳಕಾಲುದ್ದದ ನೀರು ದಾಟಿದರು. ಜಾಲಿಯ ನಡುವೆ ಬಿಳಿಯ ದಿಬ್ಬ. ಗಡಿಗೆಯ ಚೂರುಗಳು, ಹಸಿರು ಬಳೆಯ ತುಂಡುಗಳು, ಒಡೆದ ಬೀಸುಕಲ್ಲು. ಕಾಕಾ ಟೊಪ್ಪಿಗೆ ತೆಗೆದರು.

"ಇಲ್ಲೇ ಇದ್ದೀರೇನ್ರಪಾ" ಎಂದರು, ಯಾರೋ ಎದುರಿಗೆ ನಿಂತಿದ್ದಾರೆ ಎಂಬಂತೆ.

ಹೊತ್ತು ಮುಳುಗುವವರೆಗೆ ಅಳತೆಯ ಹಗ್ಗದ ಒಂದು ತುದಿ ನಾನು ಹಿಡಿದೆ, ಇನ್ನೊಂದು ಗಂಗೂಬಾಯಿ. ಕಾಕಾ ಮೊದಲ ಸಲ ಬಿಸಿಲಲ್ಲಿ ನಿಂತು ನಕಾಶೆ ಬರೆದರು.

ಸಭೆಗೆ ನಾನು ಹೋಗಲಿಲ್ಲ, ನಿಮ್ಮ ಅಜ್ಜ ಬಂದು ಹೇಳಿದರು. ಇದಕ್ಕೆ ಯಾವ ಸರಕಾರಿ ಹಾಳೆ ಆಧಾರ ಎಂದು ಪಂಡಿತರೊಬ್ಬರು ಕೇಳಿದರಂತೆ. "ಸರಕಾರಿ ಹಾಳೆ ನಮ್ಮ ವಾಡೆಯಲ್ಲಿ ಒಣಗುತ್ತಿದೆ. ಇದು ಗೋಡೆ ಸಾರಿಸುವವರ ಹಾಳೆ" ಎಂದರಂತೆ ಕಾಕಾ. ಎಲ್ಲರೂ ನಕ್ಕರಂತೆ. ಆದರೆ ಲೇಖನ ಮುಗಿದ ಮೇಲೆ ಎದ್ದು ಬಂದು ನಕಾಶೆಯ ಸುತ್ತ ನೆರೆದರಂತೆ. ಅಳೆದವರ ಹೆಸರು ಹಾಕುವ ಮೂಲೆಯಲ್ಲಿ ಕಾಕಾ ಗಂಗೂಬಾಯಿಯ ಹೆಸರನ್ನೂ ನನ್ನ ಹೆಸರನ್ನೂ ಬರೆದಿದ್ದರು. ಕೇಳಿ ನಾನು ಅಡುಗೆಮನೆಗೆ ಓಡಿದೆ.

ಎರಡು ವರ್ಷದ ಮೇಲೆ ಕಾಕಾ ಹಾಸಿಗೆ ಹಿಡಿದರು. ನಾನು ಗಂಜಿ ತೆಗೆದುಕೊಂಡು ಹೋದ ಕೊನೆಯ ದಿನ ಕಣ್ಣು ಮುಚ್ಚಿಯೇ ಕೇಳಿದರು, "ತಂಗಿ, ಆಚೀ ದಂಡಿಗೆ ಹೋಗೋಣೇನು?"

ನಾನು ದಾರಿ ಹೇಳುತ್ತ ಹೋದೆ. ಚಾವಡಿ, ಬೇವಿನ ಕಟ್ಟೆ, ಇಳಿಜಾರು, ನೀರು. "ಸಾವಕಾಶ" ಎಂದರು ನೀರಿನ ಹತ್ತಿರ. ನಾನು ನಿಧಾನ ಮಾಡಿದೆ.

"ಮುಟ್ಟಿದಿವೇನು?"

"ಮುಟ್ಟಿದಿವ್ರಿ, ಕಾಕಾ."

"ಮಂದಿ ಅದಾರೇನು?"

"ಎಲ್ಲಾರೂ ಅದಾರ್ರಿ. ಒಲಿ ಹಚ್ಯಾರ."

"ಹಂಗಾರ ನೀ ಮುಂದ ನಡಿಯವಾ" ಎಂದರು. "ನಾ ಇಲ್ಲೇ ಒಂದೀಟು ಕೂಡ್ತೀನಿ."