ಹಳದಿ ಬಿಸಿಲಿಗೆ ಕಾದ ಫೋಟೋ

“ಮುಖ ತೊಳ್ಕೊಂಡು ಬಾರಮ್ಮ, ಪೌಡರ್ ಬೇಡ” ಎಂದ, ಗುಬ್ಬಿಯಿಂದ ಬಂದಿದ್ದ ಫೋಟೋದವನು. ನನಗೆ ಸಿಟ್ಟು ಬಂತು. ಹುಡುಗಿ ಕಪ್ಪು ಎಂದು ಇಬ್ಬರು ಗಂಡಿನವರು ಫೋಟೋ ನೋಡಿಯೇ ಬೇಡವೆಂದಿದ್ದರು. ಅದಕ್ಕೇ ಮೊಮ್ಮಗಳ ಮುಖಕ್ಕೆ ನಾನೇ ಪೌಡರ್ ಬಳಿದಿದ್ದೆ. ಮಧ್ಯಾಹ್ನವೇ ನಮ್ಮ ನಿಟ್ಟೂರಿಗೆ ಬಂದವನು ಸಂಜೆಯಾದರೂ ಕ್ಯಾಮೆರಾ ಮುಟ್ಟಿರಲಿಲ್ಲ.

“ಹೊತ್ತು ಮುಳುಗ್ತೈತೆ, ಕತ್ಲಲ್ಲಿ ತೆಗೀತೀಯೇನ್ಲಾ?” ಎಂದೆ.

“ಇನ್ನೊಂದ್ ಗಳಿಗೆ ಅಜ್ಜಿ, ಬಿಸ್ಲು ಹಳದಿಗೆ ತಿರುಗ್ಲಿ” ಎಂದ.

ತಿರುಗಿತು. ಮುಖ ತೊಳೆದು ಬಂದಿದ್ದ ಮೊಮ್ಮಗಳನ್ನು ಹುಲ್ಲಿನ ಬಣವೆ ಪಕ್ಕ ನಿಲ್ಲಿಸಿ ತೆಗೆದ. ವಾರದ ಮೇಲೆ ಫೋಟೋ ಬಂತು. ಹುಡುಗಿ ಕಪ್ಪಗೇ ಇದ್ದಳು. ಆದರೆ ಮುಖ ಹುಣಸೆಹಣ್ಣು ಹಚ್ಚಿ ಬೆಳಗಿದ ತಾಮ್ರದ ಬಿಂದಿಗೆಯಂತಿತ್ತು. ಅವಳು ಆ ಫೋಟೋ ಕೆಳಗಿಡಲೇ ಇಲ್ಲ.

ಮೂರನೆಯ ಗಂಡಿನವರಿಗೆ ಅದನ್ನೇ ಕಳಿಸಿದೆವು. ಒಪ್ಪಿದರೆ ಒಪ್ಪಲಿ. ಪೌಡರ್ ಡಬ್ಬಿಗೆ ನಾನು ಸಾಸಿವೆ ತುಂಬಿಟ್ಟೆ.