ಆನೆ ಬರುವತನಕ

ಎಪ್ಪತ್ತರ ದಶಕದಲ್ಲಿ ಭೂವಿಜ್ಞಾನ ಇಲಾಖೆಯಿಂದ ಅಂತರ್ಜಲ ಹುಡುಕುವ ಕೆಲಸದ ಮೇಲೆ ಕರಜಗಿಗೆ ಹೋಗಿದ್ದೆ. ಅಲ್ಲೊಂದು ಕುರಿಹಟ್ಟಿಯ ಬಾಗಿಲಲ್ಲಿ ಭಂಡಾರದ ಅರಿಸಿನ ಬಳಿದ ಕಲ್ಲು ಇಟ್ಟಿದ್ದರು. ಬಗ್ಗಿ ನೋಡಿದರೆ ಅದು ಕಲ್ಲಾಗಿಹೋದ ಆನೆಯ ದವಡೆ ಹಲ್ಲು. ಹಳ್ಳದ ದಂಡೆಯಲ್ಲಿ ಸಿಕ್ಕಿತ್ತಂತೆ.

ಕಚೇರಿಗೆ ಒಯ್ಯೋಣವೆಂದು ಕೈ ಹಾಕಿದೆ. ಹಟ್ಟಿಯ ಅಜ್ಜಿ ಅಡ್ಡ ಬಂದಳು.

"ಕುರಿ ಮೇಯಾಕ ಪಡುವಣಕ್ಕ ಹೋಗ್ಯಾವ್ರಿ. ಅವು ಹೊಳ್ಳಿ ಬರೂತನಕ ಈ ಕಲ್ಲು ಕದಲಬಾರದು. ಕದಲಿಸಿದ್ರ ಹಟ್ಟಿ ದಾರಿ ಮರಿತಾವು."

ನನಗೆ ರೇಗಿತು. ಇದು ಆನೆಯ ಹಲ್ಲು ಎಂದು ಪಾಠವನ್ನೇ ಶುರುಮಾಡಿದೆ. ಸಾವಿರಾರು ವರ್ಷಗಳ ಹಿಂದೆ ಇಲ್ಲಿ ಮಳೆ ಹೆಚ್ಚಿತ್ತು, ಕಾಡಿತ್ತು. ಹವೆ ಒಣಗುತ್ತ ಬಂದಂತೆ ಕಾಡು ಪಡುವಣದ ಘಟ್ಟಕ್ಕೆ ಸರಿಯಿತು, ಆನೆಗಳೂ ಅದರ ಬೆನ್ನು ಹತ್ತಿ ಹೋದವು. ಮಳೆ ಹೆಚ್ಚಿದ ಕಾಲಗಳಲ್ಲಿ ಎರಡೂ ಮತ್ತೆ ಇತ್ತ ಹರಡಿರಬೇಕು.

"ಅಂದ್ರ ಅವೂ ಮೇಯಾಕ ಹೋಗ್ಯಾವು," ಎಂದಳು ಅಜ್ಜಿ.

ಹಲ್ಲನ್ನು ಇದ್ದಲ್ಲೇ ಬಿಟ್ಟೆ. ಬರಿಗೈಲಿ ವಾಪಸಾದೆ.

ಮಳೆ ಹಿಡಿದು ಕುರಿಗಳು ಮರಳಿದ ಮೇಲೆ ಮತ್ತೆ ಹೋದೆ. ಹಟ್ಟಿ ತುಂಬ ಮರಿಗಳ ಗದ್ದಲ. ಅಜ್ಜಿ ತಾನೇ ಹಲ್ಲನ್ನು ಎತ್ತಿ ನನ್ನ ಕೈಗಿಟ್ಟಳು.

"ನಮ್ಮವು ಬಂದ್ವು, ಒಯ್ರಿ. ಆನಿ ಬರೂತನಕ ನೀವೂ ಕದಲಿಸದಂಗ ಒಂದ ಕಡಿ ಇಡ್ರಿ."

ಅದನ್ನು ಕಚೇರಿಯ ಗಾಜಿನ ಕಪಾಟಿನಲ್ಲಿಟ್ಟೆ. ಹೊಸದಾಗಿ ಬಂದ ಸಾಹೇಬರೆಲ್ಲ ಆ ಕಪಾಟನ್ನು ಬೇರೆಡೆ ಸರಿಸಿ ಎನ್ನುತ್ತಿದ್ದರು. ಅದರ ಕಾಲು ಸಡಿಲಾಗಿದೆ, ಮುಟ್ಟಿದರೆ ಬೀಳುತ್ತದೆ ಎಂದು ನಿವೃತ್ತನಾಗುವವರೆಗೂ ಹೇಳುತ್ತ ಬಂದೆ. ಕಾಲು ಗಟ್ಟಿಮುಟ್ಟಾಗಿಯೇ ಇತ್ತು.